ಪಡವಲಕಾಯಿ ಎಂಬ ಹಾಡು

ಸಾವಿನ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಸತ್ತವರ ಮುಖ ನೋಡುತ್ತಾರೆ. ಆ ಮನೆಯಲ್ಲಿ ಮಾತ್ರ ಕೆಲವರ ಕಣ್ಣು ಮೊದಲು ಹೋದದ್ದು ಗೋಡೆಗೆ ಒರಗಿದ ಉಕ್ಕಿನ ಬೀರುವಿನ ಕಡೆಗೆ. ಚೆನ್ನೈನಿಂದ ಬಂದವರು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ದೊಡ್ಡ ದೊಡ್ಡ ಹಾರ. ಹಾರ ಹಾಕಲು ಬಗ್ಗಿದಾಗಲೂ ಅವರ ದೃಷ್ಟಿ ಬೀರುವಿನ ಬೀಗದ ಮೇಲೆಯೇ ಇತ್ತು. ತೀರಿಕೊಂಡವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಅಕ್ಕ ಅಳು ನಿಲ್ಲಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

"ನೀನ್ ಎದ್ದು ಆ ಬೀರುಗೆ ಒರಕ್ಕೊಂಡ್ ಕುಂತ್ಕ ತಾಯಿ. ಎತ್ತೋಗಂಟ ಏಳ್ಬೇಡ."

ಹಾಗೆ, ತೀರಿಕೊಂಡವರನ್ನು ಎತ್ತುವವರೆಗೂ ನಾನು ಬೀರುವಿಗೆ ಬೆನ್ನು ಕೊಟ್ಟು ಕುಳಿತಿದ್ದೆ. ಅವರೇನಾದರೂ ಕಣ್ಣು ಬಿಟ್ಟು ನೋಡಿದ್ದರೆ ನನಗೆ ಉಪಕಾರ ಹೇಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. "ಕಾಯೋಳ್ನ ಕಾಯೋರ್ ಯಾರು?" ಎಂದೇ ಕೇಳುತ್ತಿದ್ದರು.

ಸೇಲಂ ಜಂಕ್ಷನ್ನಿನ ಹಿಂದೆ ನಮ್ಮ ಬೀದಿ. ಅವರ ಮನೆಗೂ ನಮ್ಮ ಮನೆಗೂ ಒಂದೇ ಕಾಂಪೌಂಡು ಗೋಡೆ. ಅವರು ಪಾಲಕ್ಕೋಡು ಕಡೆಯ ಹಳ್ಳಿಯವರು, ನಾನು ಮೆಟ್ಟೂರು ಕಡೆಯವಳು. ಬೀದಿಯಲ್ಲಿ ಕನ್ನಡ ಮಾತಾಡುವ ಮನೆಗಳು ನಮ್ಮವೆರಡೇ ಆದ್ದರಿಂದ ಅವರು ನನಗೆ ಅಣ್ಣ ಆದರು. ಬೆಳ್ಳಿ ಕಾಲ್ಗೆಜ್ಜೆ ಮಾಡಿಸುವ ಕಾರ್ಖಾನೆ, ನಮ್ಮ ಕಡೆ ಪಟ್ಟರೆ ಎನ್ನುತ್ತಾರೆ, ಅದನ್ನು ನಡೆಸಿದವರು. ಉಗುರಿನ ಬುಡದಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಮಾತಾಡುವಾಗ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿದ್ದರು, ಎದುರಿಗಿದ್ದವರ ಮಾತನ್ನೇ ಉಜ್ಜಿ ನೋಡುವ ಹಾಗೆ.

ಬೆಳ್ಳಿ ಪಟ್ಟರೆಯಲ್ಲಿ ಒಂದು ಕ್ರಮವಿದೆ. ಸಂಜೆ ಕೆಲಸ ಬಿಟ್ಟವರು ಅಲ್ಲೇ ಇಟ್ಟಿರುವ ತೊಟ್ಟಿಯಲ್ಲಿ ಕೈಕಾಲು ತೊಳೆದೇ ಹೊರಗೆ ಹೋಗಬೇಕು. ಆ ನೀರನ್ನು ಚೆಲ್ಲುವುದಿಲ್ಲ. ತಳದಲ್ಲಿ ಇಳಿದ ಕೆಸರನ್ನು ಒಣಗಿಸಿ ಕರಗಿಸಿದರೆ ಅದರಲ್ಲೂ ಬೆಳ್ಳಿ ಸಿಗುತ್ತದೆ. ನೆಲ ಗುಡಿಸಿದ ಕಸವನ್ನೂ ಎಸೆಯುವುದಿಲ್ಲ. ಜೀವನವೆಲ್ಲ ಹೀಗೆ ಬೆಳ್ಳಿಯ ಪುಡಿ ಕಾಯ್ದ ಮನುಷ್ಯ ಪಟ್ಟರೆಯನ್ನು ಮಗಳಿಗೂ ಅಳಿಯನಿಗೂ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ಕಾಯಲು ಶುರುಮಾಡಿದ್ದು ಹಾಡುಗಳನ್ನು, ಬೀರುವಿನಲ್ಲಿ ಬೀಗ ಹಾಕಿಟ್ಟ ಹಳೆಯ ರೆಕಾರ್ಡುಗಳನ್ನು. ಹಾಡಿಗೆ ನಮ್ಮ ಬೀದಿಯಲ್ಲಿ ಪಾಟ್ಟು ಎನ್ನುತ್ತಾರೆ.

ನನ್ನ ಯಜಮಾನರು ಇದನ್ನು ಕೊನೆಯವರೆಗೂ ನಂಬಲಿಲ್ಲ. "ಪಾಟ್ಟಂತೆ ಪಾಟ್ಟು! ಬೀರು ಒಳ್ಗೆ ಬೆಳ್ಳಿ ಗಟ್ಟಿ ಇರ್ತದೆ, ನೋಡ್ತಾ ಇರು," ಎನ್ನುತ್ತಿದ್ದರು. ಬೀದಿಯ ಅಭಿಪ್ರಾಯವೂ ಅದೇ. ರೆಕಾರ್ಡು ಕೇಳುವವನು ಯಾಕೆ ಕಿಟಕಿ ಮುಚ್ಚುತ್ತಾನೆ? ಬೀಗದ ಮೇಲೆ ಯಾಕೆ ಒಂದು ಅಕ್ಕಿ ಕಾಳು ಇಡುತ್ತಾನೆ? ಕಾಳು ಬಿದ್ದಿದ್ದರೆ ಯಾರೋ ಬೀಗ ಮುಟ್ಟಿದ್ದಾರೆ ಎಂದು ಅವರ ಲೆಕ್ಕ. ಪಾಪ, ಒಂದು ಇರುವೆ ಆ ಕಾಳನ್ನು ಎಳೆದುಕೊಂಡು ಹೋದ ದಿನ ಅಕ್ಕ ಅನುಭವಿಸಿದ್ದನ್ನು ಅಕ್ಕನೇ ಹೇಳಬೇಕು.

ಅವರು ಮೊದಲು ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಒಂದು ವಿಚಿತ್ರ ಕೆಲಸಕ್ಕಾಗಿ. ಕೈಯಲ್ಲಿ ದುಂಡಗೆ ಕತ್ತರಿಸಿದ ಬಿಳಿ ಕಾಗದಗಳು, ನಡುವೆ ಒಂದು ತೂತು.

"ನಿಂಗೆ ಕನ್ನಡ ಬರಿಯಾಕ್ ಬತ್ತದಂತಲ್ಲ? ನಮ್ಮೆಂಗ್ಸು ಏಳುದ್ಲು."

ಬರುತ್ತದೆ ಎಂದೆ. ನಾನು ಓದಿದ್ದು ಸೇಲಂನ ಕಾನ್ವೆಂಟಿನಲ್ಲಿ, ಹಾಸ್ಟೆಲ್ಲಿನಲ್ಲಿದ್ದುಕೊಂಡು. ಅಲ್ಲಿ ಕನ್ನಡ ಕಲಿಸುವವರು ಯಾರೂ ಇರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅವ್ವ ಸ್ಲೇಟಿನ ಮೇಲೆ ತಿದ್ದಿಸಿದ ಅಕ್ಷರ ಅದು.

"ಅಂಗಾದ್ರೆ ಬರಿ. ಒಂದೊಂದ್ರು ಮೇಲೂ ಒಂದೊಂದು ಕಾಯಿ ಹೆಸ್ರು."

"ಕಾಯಿ?"

"ಅದೇ ಕಣಮ್ಮ. ಬದ್ನೆಕಾಯಿ, ನುಗ್ಗೆಕಾಯಿ, ಪಡವಲಕಾಯಿ..."

ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಓದಿದ್ದೆಲ್ಲ ತಮಿಳು. ನಾನು ಬರೆದು ಕೊಟ್ಟಂತೆ ಒಂದೊಂದನ್ನೂ ಎತ್ತಿ, ಕಣ್ಣು ಕಿರಿದು ಮಾಡಿ, ಇದೇನು ಇದೇನು ಎಂದು ಕೇಳಿಕೊಂಡರು. "ಓದಾಕ್ ಬ್ಯಾಡ ತಾಯಿ, ಮೊಕ ಗುರ್ತು ಆದ್ರೆ ಸಾಕು," ಎಂದರು. ನನ್ನ ದುಂಡು ಅಕ್ಷರಗಳನ್ನು ಯಾರೋ ಹೀಗೆ ಮುಖ ನೋಡಿ ಗುರುತು ಮಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ಸಂತೋಷವಾಯಿತು. ವಯಸ್ಸಾದ ಮೇಲೆ ತಾಯಿನುಡಿಯ ಮೇಲೆ ಆಸೆ ಬಂದಿರಬೇಕು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಕಾಗದಗಳನ್ನು ಅವರು ರೆಕಾರ್ಡಿನ ನಡುವಿನ ಹೆಸರು ಕಾಣದಂತೆ ಅದರ ಮೇಲೆ ಅಂಟಿಸುತ್ತಿದ್ದರು. ಚೆನ್ನೈನಿಂದ ರೆಕಾರ್ಡು ಹುಡುಕಿಕೊಂಡು ಬರುವವರಿಗೆ ತಮಿಳು ಬರುತ್ತದೆ, ಇಂಗ್ಲಿಷ್ ಬರುತ್ತದೆ. ಬಾರದಿದ್ದದ್ದು ಕನ್ನಡ ಒಂದೇ.

"ಹೀಗೂ ಬಚ್ಚಿಡುತ್ತಾರಾ ಅಣ್ಣಾ?" ಎಂದೆ.

"ಲಂಡನ್ ಕಡೆ ವೆಳ್ಳೆಕಾರ್ರೇ, ಬಿಳೀ ದೊರೆಗಳೇ, ಇಂಗೆ ಪೇಪರ್ ಒಟ್ಟಿಸ್ತಾರೆ. ಬ್ಯಾರೆಯೋರು ಅದೇ ಪ್ಲೇಟ್ ಉಡ್ಕಿ ತಗಂಡ್ಬುಡ್ತಾರೆ ಅಂತ. ಅವ್ರು ಮಾಡುದ್ರೆ ಶೋಕಿ, ನಾನ್ ಮಾಡುದ್ರೆ ಹುಚ್ಚಾ?"

ಅವರಲ್ಲಿದ್ದದ್ದು ನಮ್ಮ ಕಡೆಯ ಹಾಡುಗಳಲ್ಲ. ಸೋಲ್ ಸಂಗೀತ ಎನ್ನುತ್ತಾರೆ, ಅಮೆರಿಕದ ಕರಿಯರ ಹಾಡು. ಹರೆಯದಲ್ಲಿ ಪಟ್ಟರೆಯ ಕೂಲಿಯಾಗಿ ಸೇಲಂಗೆ ಬಂದಾಗ ಅವರು ರೈಲ್ವೆ ಕಾಲೋನಿಯ ಕ್ಲಬ್ಬಿನ ಹಿಂದೆ ಒಂದು ಕೋಣೆಯಲ್ಲಿದ್ದರಂತೆ. ಶನಿವಾರ ಶನಿವಾರ ಅಲ್ಲಿ ಆಂಗ್ಲೋ ಇಂಡಿಯನ್ ಸಂಸಾರಗಳ ಡ್ಯಾನ್ಸು. "ಅರ್ಥ ಒಂದೂ ಆಗ್ಲಿಲ್ಲ. ಆದ್ರೆ ಮಾರಮ್ಮನ ಗುಡೀಲಿ ಮೈದುಂಬುದಾಗ ಕೂಗ್ತಾರಲ್ಲ, ಆ ಕೂಗು ಇತ್ತು ಅದ್ರೊಳ್ಗೆ. ಕೇಳ್ದೋನ್ಗೆ ಬೆನ್ನಲ್ಲಿ ಇರುವೆ ಅರದಂಗ್ ಆಯ್ತದೆ." ಮುಂದೆ ಆ ಸಂಸಾರಗಳು ಒಂದೊಂದಾಗಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಮಂಚ ಕುರ್ಚಿಯ ಜೊತೆ ರೆಕಾರ್ಡಿನ ಪೆಟ್ಟಿಗೆಗಳನ್ನೂ ಬಿಟ್ಟು ಹೋದರು. ಎಲ್ಲವೂ ಇವರ ಮನೆಗೆ ಬಂದವು.

ಆ ಪೆಟ್ಟಿಗೆಗಳಲ್ಲಿ ಅಂಗಡಿಗೆ ಬಂದ ರೆಕಾರ್ಡುಗಳ ಜೊತೆ ಎಂದೂ ಅಂಗಡಿಗೆ ಬಾರದ ಕೆಲವೂ ಇದ್ದವು. ಕಂಪನಿಯವರು ಹಾಡಿಸಿ, ಹೇಗಿದೆ ನೋಡೋಣ ಎಂದು ಒಂದೆರಡು ರೆಕಾರ್ಡು ತಟ್ಟೆ ಕೊರೆಸುತ್ತಾರೆ. ಒಪ್ಪಿಗೆಯಾಗದಿದ್ದರೆ ಟೇಪನ್ನು ಅಳಿಸುತ್ತಾರೆ. ಮರೆತುಹೋದ ಆ ತಟ್ಟೆ ಮಾತ್ರ ಯಾರದೋ ಮನೆಯಲ್ಲಿ ಉಳಿಯುತ್ತದೆ. ಅದೂ ಮೆತ್ತನೆಯ ತಟ್ಟೆ. ಸೂಜಿ ಇಟ್ಟಷ್ಟು ಸಲವೂ ಸ್ವಲ್ಪ ಸವೆಯುತ್ತದೆ. ಆದ್ದರಿಂದ ಅವರು ಅವನ್ನು ಹಾಕುತ್ತಲೇ ಇರಲಿಲ್ಲ. ತುಂಬ ಪ್ರೀತಿ ಬಂದ ದಿನ, ಒಂದು ಚೂರು ಹಾಕಿ, ನಮ್ಮ ತಲೆ ತೂಗಲು ಶುರುವಾಗುವ ಹೊತ್ತಿಗೆ ಸೂಜಿ ಎತ್ತಿಬಿಡುತ್ತಿದ್ದರು.

"ಸೌಂಡೂ ಪುಡಿನೇ. ಚೆಲ್ಬಾರ್ದು."

ಅಕ್ಕ ಒಳಗಿನಿಂದ ಕೂಗುತ್ತಿದ್ದರು. "ಕಟ್ಕಂಡೋಳ್ಗೇ ಒಂದ್ ಪಾಟು ಪೂರ್ತಿ ಕೇಳ್ಸಿಲ್ಲ, ನಿಂಗ್ ಕೇಳ್ಸ್ತಾರಾ? ಎದ್ ಬಾ, ಕಾಪಿನಾದ್ರೂ ಪೂರ್ತಿ ಕುಡಿ!"

ಒಂದು ಮಧ್ಯಾಹ್ನ ಹಾಗೆ ಪಡವಲಕಾಯಿ ಹಾಕಿದರು. ಗಿಟಾರು, ಡ್ರಮ್ಮು, ಅದರ ಮೇಲೆ ಒಂದು ಹೆಣ್ಣು ದನಿ. ನನ್ನ ಕೈಯಲ್ಲಿದ್ದ ಲೋಟ ನಿಂತಿತು. ಪದದ ಕೊನೆಯನ್ನು ಎಳೆದು, ಬಿಡುವ ಮುಂಚೆ ಒಂದು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ ಬಿಡುವ ಆ ರೀತಿ ನನಗೆ ಗೊತ್ತಿತ್ತು. ಹಾಸ್ಟೆಲ್ಲಿನ ಪ್ರಾರ್ಥನಾ ಮಂದಿರದಲ್ಲಿ ನಾವೆಲ್ಲ ಅದನ್ನು ಅನುಕರಿಸಲು ಹೋಗಿ ಬೈಸಿಕೊಂಡಿದ್ದೆವು.

"ಅಣ್ಣಾ, ಈ ದನಿ ನಮ್ಮ ಡೋರತಿ ಮಿಸ್ಸಿಂದು!"

ಸೂಜಿ ಎದ್ದಿತು. ಅವರು ನನ್ನನ್ನು ನೋಡಿದ ನೋಟವನ್ನು ಏನೆಂದು ಹೇಳಲಿ. ಪಟ್ಟರೆಯ ತೊಟ್ಟಿಯಲ್ಲಿ ಕೈ ತೊಳೆಯದೆ ಬಾಗಿಲಿಗೆ ಹೊರಟವಳನ್ನು ನೋಡುವ ಹಾಗೆ ನೋಡಿದರು. "ಅಮೆರಿಕದೋಳು ಕಣಮ್ಮ ಅದು. ಓಗು, ನಿನ್ ಮನ್ಯಾಗೆ ಆಲು ಉಕ್ಕೀತು."

ಡೋರತಿ ಮಿಸ್ಸು ನಮಗೆ ಹಾಡು ಕಲಿಸಿದವರು. ಈಗ ಚರ್ಚಿನ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಹೋಗಿ ಕೇಳಿದಾಗ ಅವರು ಮೇಜಿನ ಬಟ್ಟೆಯ ಸುಕ್ಕು ತೀಡಿದರು. ಆಮೇಲೆ ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಕಾನ್ವೆಂಟಿಗೆ ಸೇರುವ ಮುಂಚೆ ಕಾಲೋನಿಯ ಹುಡುಗರ ಬ್ಯಾಂಡಿನಲ್ಲಿ ಹಾಡುತ್ತಿದ್ದರಂತೆ. ಅವರದೇ ಹಾಡು, ಸೋಲ್ ಧಾಟಿಯದು. ಮದ್ರಾಸಿಗೆ ರೈಲಿನಲ್ಲಿ ಹೋಗಿ ರೆಕಾರ್ಡು ಮಾಡಿದ್ದರು. ಅದು ಹೊರಗೆ ಬರಲಿಲ್ಲ. ಕೊರೆಸಿದ ತಟ್ಟೆಯನ್ನು ಗಿಟಾರಿನ ಹುಡುಗ ಇಟ್ಟುಕೊಂಡಿದ್ದ. ಅವನು ಆಸ್ಟ್ರೇಲಿಯಾಕ್ಕೆ ಹೋದ.

"ನಾನು ಅದನ್ನು ಒಂದು ಸಲವೂ ಕೇಳಿಲ್ಲ ಮಗು," ಎಂದರು. "ಒಂದು ಕಿವಿ ಆಗಲೇ ಮುಚ್ಚಿದೆ. ಇನ್ನೊಂದೂ ಹೆಚ್ಚು ದಿನ ಇಲ್ಲ ಅಂದಿದ್ದಾರೆ ಡಾಕ್ಟರು. ಅದು ಇರುವಾಗ ಒಮ್ಮೆ ಕೇಳಿಸುತ್ತಾರಾ ಕೇಳು."

ಕೇಳಿದೆ. ಕಾಂಪೌಂಡು ಗೋಡೆಯ ಆ ಕಡೆಯಿಂದ ಬಂದ ಉತ್ತರ ಇದು.

"ಯಾರ್ ಕಳ್ಸುದ್ರು ನಿನ್ನ? ಮದ್ರಾಸ್ನೋರಾ?"

"ಅಯ್ಯೋ, ಯಾರೂ ಕಳಿಸಿಲ್ಲ ಅಣ್ಣಾ. ವಯಸ್ಸಾದವರು, ಕಿವಿ ಹೋಗುತ್ತಿದೆ..."

"ಕಿವಿ ಓಗೋಳ್ಗೆ ಪಾಟು ಯಾತಕ್ಕೆ? ಇವತ್ ಕೇಳ್ತಾಳೆ, ನಾಳೆ ನಂದು ಅಂತಾಳೆ, ನಾಳಿದ್ದು ವಕೀಲ್ನ ಕರ್ಕಂಡ್ ಬತ್ತಾಳೆ. ನಂಗ್ ಗೊತ್ತಿಲ್ವಾ?"

ಮರುದಿನ ನಮ್ಮ ಪಾತ್ರೆ ವಾಪಸು ಬಂತು, ನಾನು ಹಬ್ಬಕ್ಕೆ ಪಾಯಸ ಕೊಟ್ಟಿದ್ದ ಪಾತ್ರೆ. ಬರಿದಾಗಿ ಬಂತು. ಒಂದು ಚಿಟಿಕೆ ಸಕ್ಕರೆಯೂ ಇಲ್ಲದೆ ಬರೀ ಪಾತ್ರೆ ಕಳಿಸುವುದೆಂದರೆ ನಮ್ಮವರಲ್ಲಿ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಅನುಮಾನ ಹುಟ್ಟಿತು. ಆ ತಟ್ಟೆ ನಿಜವಾಗಿ ಪೆಟ್ಟಿಗೆಯಲ್ಲಿ ಬಂದದ್ದೇ? ಹಾಗಿದ್ದರೆ ಇಷ್ಟು ಭಯ ಯಾಕೆ? ನನ್ನ ಬಗ್ಗೆಯೇ ಅನುಮಾನ ಬಂತು. ನನ್ನ ಕಿವಿ ನಿಜ ಹೇಳಿತೇ, ಅಥವಾ ಮಿಸ್ಸಿಗೆ ಇಲ್ಲದ ಆಸೆ ಹುಟ್ಟಿಸಿದೆನೇ? ಚರ್ಚಿಗೆ ಹೋಗುವ ದಾರಿಯಲ್ಲಿ ಮಿಸ್ಸು ಸಿಕ್ಕಾಗ ಏನೂ ಕೇಳುತ್ತಿರಲಿಲ್ಲ. ನನ್ನ ಬಲಗಡೆಗೆ ಬಂದು ನಡೆಯುತ್ತಿದ್ದರು, ಉಳಿದ ಕಿವಿ ನನ್ನ ಕಡೆ ಇರಲೆಂದು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ದಾರಿ ಮಾಡಿದ್ದು ಅಕ್ಕ. ಏನು ಹೇಳಿದರೋ, ಎಷ್ಟು ದಿನ ಸಾರಿಗೆ ಉಪ್ಪು ಹಾಕಲಿಲ್ಲವೋ. ಒಂದು ದಿನ ಅಣ್ಣ ಗೋಡೆಯ ಹತ್ತಿರ ಬಂದು ಕೆಮ್ಮಿದರು.

"ಕರ್ಕಂಡ್ ಬಾ ಅವಳ್ನ. ಬೆಳ್ಳಿ ಅಂತ ಬಂದೋರ್ನೆಲ್ಲ ಒರೆಗಲ್ಲಿಗೆ ತಿಕ್ಕಿ ನೋಡ್ದೋನು ನಾನು. ಇವ್ಳ್ನೂ ತಿಕ್ತೀನಿ. ಪಾಸಾದ್ರೆ ಕೇಳ್ಸ್ತೀನಿ. ಇಲ್ದಿದ್ರೆ ನಿಂಗೂ ಈ ಮನೆಗೂ ಋಣ ಮುಗೀತು."

ಮಿಸ್ಸು ಇಸ್ತ್ರಿ ಹಾಕಿದ ಹೂವಿನ ಫ್ರಾಕು ತೊಟ್ಟು, ಮುಖಕ್ಕೆ ಪೌಡರು ಹಚ್ಚಿ, ನನ್ನ ತೋಳು ಹಿಡಿದು ಬಂದರು. ಬಾಗಿಲಲ್ಲೇ ಅಣ್ಣ ಕೈ ಚಾಚಿ ನನ್ನ ಫೋನು ಇಸಿದುಕೊಂಡು ಅಡುಗೆಮನೆಯ ಅಕ್ಕಿ ಡಬ್ಬದಲ್ಲಿ ಹೂತು ಬಂದರು. ಅಕ್ಕನದೂ ಅಲ್ಲಿಗೇ ಹೋಯಿತು. ಆಮೇಲೆ ಅವರ ಕಣ್ಣು ಮಿಸ್ಸಿನ ಕಿವಿಯ ಮೇಲೆ ಬಿತ್ತು.

"ಅದೇನ್ ಕಿವಿಯೊಳ್ಗೆ? ರೆಕಾಡ್ ಮಾಡೋ ಮಿಷೀನಾ?"

"ಅಣ್ಣಾ! ಅದು ಕಿವಿ ಕೇಳಿಸಲಿಕ್ಕೆ!" ನಾನು ಯಾರ ಮೇಲೂ ದನಿ ಎತ್ತುವವಳಲ್ಲ. ಅಂದು ಎತ್ತಿದೆ.

ಮಿಸ್ಸು ನನ್ನ ಕೈ ಅದುಮಿ, ತಾವೇ ಅದನ್ನು ತೆಗೆದು ಅವರ ಅಂಗೈಯಲ್ಲಿಟ್ಟರು. ಅಣ್ಣ ಬೆಳ್ಳಿ ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ತೂಗಿದರು. ಮೂಸಿದರು. ಕಡೆಗೆ ತಮ್ಮ ಪಂಚೆಯ ಅಂಚಿನಿಂದ ಒರೆಸಿ ವಾಪಸು ಕೊಟ್ಟರು.

"ಸರಿ. ಪಲ್ಲವಿ ಬ್ಯಾಡ, ಮೊದಲ್ನೇ ಚರಣ ಬ್ಯಾಡ. ಅದ್ನ ಯಾರಾನ ಕೇಳಿ ಬಾಯಿಪಾಠ ಮಾಡಿರ್ಬೋದು. ಎರಡ್ನೇ ಚರಣ ಪಾಡು ಅನ್ನು. ಪೂರ್ತಿ ಪಾಟು ನಾನೊಬ್ನೇ ಕೇಳಿರೋದು. ಇನ್ ಯಾರ್ಗೂ ಅದು ಗೊತ್ತಿಲ್ಲ."

ನಾನು ಮಿಸ್ಸಿನ ಕಿವಿಗೆ ಬಗ್ಗಿ ಹೇಳಿದೆ. ಅವರ ಮುಖ ಕೆಂಪಾಯಿತು. ಅವರನ್ನು ಯಾರೋ ತರಗತಿಯ ಮುಂದೆ ನಿಲ್ಲಿಸಿದ ಹಾಗೆ ನೆಲ ನೋಡಿದರು.

"ಇವರಿಗೆ ಗೊತ್ತಿದೆ," ಎಂದರು ನನಗೆ. "ಗೊತ್ತಿದ್ದೇ ಕೇಳುತ್ತಿದ್ದಾರೆ. ಎರಡನೆಯ ಚರಣ ನಾನು ಹಾಡಲಿಲ್ಲ ಮಗು. ಮರೆತುಬಿಟ್ಟೆ. ಕೆಂಪು ದೀಪ ಉರಿಯುತ್ತಿತ್ತು, ನಿಲ್ಲಿಸುವ ಹಾಗಿರಲಿಲ್ಲ. ಮೊದಲನೆಯದನ್ನೇ ಮತ್ತೆ ಹಾಡಿದೆ. ಇನ್ನೊಂದು ಸಲ ಮಾಡಲು ಕಂಪನಿಯವರು ಒಪ್ಪಲಿಲ್ಲ. ಆ ಹುಡುಗರು ಎಷ್ಟು ಆಸೆ ಇಟ್ಟುಕೊಂಡಿದ್ದರು. ಎಲ್ಲ ನನ್ನಿಂದ ಹೋಯಿತು."

ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಣ್ಣನ ಹೆಬ್ಬೆರಳು ಉಜ್ಜುವುದನ್ನು ನಿಲ್ಲಿಸಿತು. ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಅದೇ ಐತೆ," ಎಂದರು. "ಎರಡು ದಪವೂ ಒಂದೇ ಚರಣ ಐತೆ. ನಾನ್ ಇಷ್ಟ್ ವರ್ಷ ಇದ್ನ ಡೂಪ್ಲಿಕೇಟ್ ಅಂದ್ಕಂಡಿದ್ದೆ ತಾಯಿ. ಯಾವನೋ ಟೇಪ್ ಕತ್ರಿಸಿ ಒಟ್ಟಿಸವ್ನೆ, ನನ್ ತಲೆಗ್ ಕಟ್ಟವ್ನೆ ಅಂತ. ತಟ್ಟೆ ಮೇಲೇ ಸಂದೇಹ ನಂಗೆ."

ಸುಳ್ಳು ಹೇಳಲು ಬಂದವಳಾಗಿದ್ದರೆ ಯಾವುದಾದರೂ ಒಂದು ಎರಡನೆಯ ಚರಣ ಕಟ್ಟಿ ಹಾಡುತ್ತಿದ್ದಳು. ಇಲ್ಲವೇ ಇಲ್ಲ ಎಂದು ಹೇಳಬಲ್ಲವರು ಹಾಡಿದವರು ಮಾತ್ರ. ಅಣ್ಣ ಮತ್ತೇನೂ ಕೇಳದೆ ಎದ್ದು ಬೀರು ತೆಗೆದರು. ಕೈ ತೊಳೆದು ಬಂದು ತಟ್ಟೆ ಇಟ್ಟರು.

ಮಿಸ್ಸು ಸ್ಪೀಕರಿನ ಪಕ್ಕ ಮೊಣಕಾಲೂರಿ, ಉಳಿದ ಕಿವಿಯನ್ನು ಅದರ ಬಟ್ಟೆಗೆ ಒತ್ತಿ, ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು. ಇಂಗ್ಲಿಷ್ ಹಾಡು. ನೀನು ಹೋದ ರೈಲಿನ ಹೊಗೆ ಇನ್ನೂ ನನ್ನ ಕೂದಲಲ್ಲಿದೆ, ತಲೆಗೆ ನೀರು ಹಾಕಿಕೊಳ್ಳಲು ಮನಸ್ಸಿಲ್ಲ ಎನ್ನುತ್ತಾಳೆ ಹುಡುಗಿ. ದನಿಯಲ್ಲಿ ಒಂದು ಬಿರುಕು ಇತ್ತು, ಅಣ್ಣ ಹೇಳಿದ ಆ ಕೂಗೂ ಇತ್ತು. ಎರಡನೆಯ ಸಲ ಅದೇ ಚರಣ ಬಂದಾಗ ಅವಳು ಅದನ್ನು ಬೇರೆಯಾಗಿ ಹಾಡುತ್ತಾಳೆ. ಬಾವಿಯ ಕಟ್ಟೆಯಿಂದ ಕಾಲು ಜಾರಿದವಳು ಹಗ್ಗ ಹಿಡಿದ ಹಾಗೆ ಪದಗಳನ್ನು ಹಿಡಿಯುತ್ತಾಳೆ. ಸೂಜಿ ಎತ್ತುತ್ತಾರೇನೋ ಎಂದು ನಾನು ಅಣ್ಣನ ಕೈ ನೋಡುತ್ತಲೇ ಇದ್ದೆ. ಎತ್ತಲಿಲ್ಲ. ಹಾಡು ಮುಗಿದು, ಕರಕರ ಸದ್ದೂ ಮುಗಿಯಿತು. ಅಕ್ಕ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

"ಪಾಪ, ಆ ಹುಡುಗಿ ಎಷ್ಟು ಹೆದರಿದ್ದಾಳೆ ನೋಡು," ಎಂದರು ಮಿಸ್ಸು. "ಯಾರೂ ಅವಳನ್ನು ಬೈಯದೆ ಇದ್ದಿದ್ದರೆ ಆಗುತ್ತಿತ್ತು." ಯಾರನ್ನೋ ಕ್ಷಮಿಸಿದ ಹಾಗಿತ್ತು ಅವರ ಮುಖ.

ಅಣ್ಣ ಕೇಳಿದರು, "ಆ ಮರ್ತಿದ್ ಚರಣ ಆಮ್ಯಾಕಾದ್ರೂ ಗ್ಯಾಪಕ ಬಂತಾ ಕೇಳು."

ಮಿಸ್ಸು ನಕ್ಕರು. "ವಾಪಸು ಬರುವಾಗ ಜೋಲಾರ್‌ಪೇಟೆ ದಾಟುತ್ತಿದ್ದ ಹಾಗೇ ಬಂತು. ಅವತ್ತಿನಿಂದ ಮರೆತಿಲ್ಲ." ಯಾರೂ ಹಾಡಿ ಎಂದು ಕೇಳುವ ಮುಂಚೆಯೇ, ಅಲ್ಲೇ ಸ್ಪೀಕರಿಗೆ ಒರಗಿಕೊಂಡು ಹಾಡಿದರು. ಮುದಿ ದನಿ, ಉಸಿರು ಸಾಲದು. ಆದರೂ ಪದದ ಕೊನೆಯಲ್ಲಿ ಆ ಕೂದಲೆಳೆ ಎತ್ತರ ಹಾಗೆಯೇ ಇತ್ತು. ಅಣ್ಣ ದಡಕ್ಕನೆ ಅರ್ಧ ಎದ್ದರು. ಅಡುಗೆಮನೆಯ ಕಡೆ, ಅಕ್ಕಿ ಡಬ್ಬದ ಕಡೆ ನೋಡಿದರು. ರೆಕಾರ್ಡು ಮಾಡಲು ಫೋನು ತರೋಣವೆಂದು ಎದ್ದು ಹೋದರೆ ಕೇಳುವುದು ತಪ್ಪುತ್ತದೆ. ಮೆಲ್ಲಗೆ ಕುಳಿತುಕೊಂಡರು.

ಇದರಿಂದ ಅವರು ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮಿಸ್ಸನ್ನು ಆಟೋ ಹತ್ತಿಸಿ ಬಂದವಳಿಗೆ ಮೊದಲು ಹೇಳಿದ ಮಾತೇ "ಬೀದೀಲಿ ಯಾರ್ಗೂ ಏಳ್ಬೇಡ." ವಾರ ಕಳೆಯುವುದರೊಳಗೆ ಗೋಡೆಯ ಹತ್ತಿರ ಬಂದು ಕೆಮ್ಮಿದರು.

"ಆ ಚರಣ ನಿಂಗ್ ಗ್ಯಾಪಕ ಐತಾ?"

ಇದೆ ಎಂದೆ. ಹಾಸ್ಟೆಲ್ಲಿನಲ್ಲಿ ಒಂದು ಸಲ ಕೇಳಿದ್ದನ್ನು ಹಾಡಬೇಕು ಎಂದು ಕಲಿಸಿದವರೇ ಮಿಸ್ಸು.

"ಮೆತ್ತಗ್ ಪಾಡು. ಮೆತ್ತಗೆ... ಸಾಕು ಸಾಕು. ಬ್ಯಾರೆ ಯಾರ ಮುಂದೂ ಪಾಡ್ಬೇಡ, ಕೇಳುಸ್ತಾ?" ಎರಡು ಹೆಜ್ಜೆ ಹೋದವರು ತಿರುಗಿ ಬಂದರು. "ನಿನ್ ಯಜಮಾನ್ರ ಮುಂದೂ."

ಆಮೇಲೆ ನಾನು ಬಟ್ಟೆ ಒಣಗಿಸಲು ಹೋದಾಗಲೆಲ್ಲ ಗೋಡೆಯ ಆಚೆ ಅವರ ತಲೆ ಕಾಣುತ್ತಿತ್ತು. ಹಾಡಲೆಂದು ಕಾಯುತ್ತಿದ್ದರೋ, ಹಾಡಿಬಿಡುತ್ತೇನೆಂದು ಹೆದರಿ ಕಾಯುತ್ತಿದ್ದರೋ, ನನಗೆ ಕೊನೆಗೂ ತಿಳಿಯಲಿಲ್ಲ.

ಈಗ ಅವರಿಲ್ಲ. ಬೀರುವಿನ ಬೀಗದ ಕೈ ಅಕ್ಕನ ಸೊಂಟದಲ್ಲಿದೆ. ಮಿಸ್ಸಿನ ಕಿವಿ ಪೂರ್ತಿ ಮುಚ್ಚಿದೆ. ನಾನು ಹೋದರೆ ಕೈ ಹಿಡಿದುಕೊಂಡು ನಗುತ್ತಾರೆ, ಹಾಡುವುದಿಲ್ಲ. ತಮಗೇ ಕೇಳಿಸದ್ದನ್ನು ಹಾಡಿದರೆ ಶ್ರುತಿ ತಪ್ಪುತ್ತದೆ ಎನ್ನುತ್ತಾರೆ.

ಮೊನ್ನೆ ಬೆಳಿಗ್ಗೆ ದೋಸೆ ಹುಯ್ಯುತ್ತ ನನಗೆ ತಿಳಿಯದ ಹಾಗೆ ಆ ಚರಣ ಗುನುಗುತ್ತಿದ್ದೆನಂತೆ. ಯಜಮಾನರು ಬಾಗಿಲಿಗೆ ಬಂದು ನಿಂತಿದ್ದರು.

"ಯಾವ್ ಪಾಟ್ಟು ಅದು? ಬಾಳ ಚೆನ್ನಾಗೈತೆ. ಇನ್ನೊಂದ್ ದಪ ಪಾಡು."

ನಾನು ತಿರುಗಿ ಅವರ ಮುಖ ನೋಡುವ ಮುಂಚೆ ಅವರ ಕೈ ನೋಡಿದೆ. ಎಂದಿನ ಹಾಗೆ ಫೋನು ಇತ್ತು.

"ಏನಿಲ್ಲ," ಎಂದೆ. "ಸುಮ್ಮನೆ ಏನೋ."